ಹಾಲು ಹೊಸದು, ಹೆಪ್ಪು ಹಳೆಯದು: ಹಿಟ್ಲರನ ನಾಜಿಗಳಿಗೂ ಇಂದಿನ ನವನಾಜಿಗಳಿಗೂ ಏನು ನಂಟು?

ನಮ್ಮಲ್ಲಿ ‘ಹಿಟ್ಲರ್’ ಅನ್ನುವುದು ಒಂದು ಅಡ್ಡಹೆಸರು. ಬೆತ್ತ ಹಿಡಿದ ಹೆಡ್‌ಮಾಸ್ತರರಿಗೆ, ರಜೆ ಕೊಡದ ಮ್ಯಾನೇಜರಿಗೆ, ಮನೆಮಂದಿಯನ್ನೆಲ್ಲ ಅಂಕೆಯಲ್ಲಿಟ್ಟ ಅಜ್ಜನಿಗೆ ಸಲೀಸಾಗಿ ಅಂಟಿಸಿಬಿಡುತ್ತೇವೆ. ಫುಟ್‌ಪಾತಿನ ಪುಸ್ತಕದಂಗಡಿಗಳಲ್ಲಿ ಅವನ ಆತ್ಮಕಥೆ ವ್ಯಕ್ತಿತ್ವ ವಿಕಸನದ ಪುಸ್ತಕಗಳ ಪಕ್ಕದಲ್ಲೇ ಮಾರಾಟಕ್ಕೆ ಕೂತಿರುತ್ತದೆ. ಅವನು ಮಾಡಿದ್ದೆಲ್ಲ ನಡೆದದ್ದು ದೂರದ ಯುರೋಪಿನಲ್ಲಿ. ನಮಗೆ ಅದರ ಬಿಸಿ ತಟ್ಟಲಿಲ್ಲ ಎಂಬ ಭಾವನೆ ನಮ್ಮದು.

ಆ ದೂರ ಈಗ ಕಡಿಮೆಯಾಗಿದೆ. 2025ರ ಆಗಸ್ಟ್ 31ರಂದು ಆಸ್ಟ್ರೇಲಿಯಾದ ಹಲವು ನಗರಗಳಲ್ಲಿ ವಲಸೆ ವಿರೋಧಿ ಮೆರವಣಿಗೆಗಳು ನಡೆದವು. ಅವುಗಳ ಪ್ರಚಾರದ ಕರಪತ್ರಗಳಲ್ಲಿ ಭಾರತೀಯರನ್ನು ಹೆಸರು ಹಿಡಿದೇ ದೂರಲಾಗಿತ್ತು. ಮೆಲ್ಬರ್ನ್‌ನಲ್ಲಿ ರಾಜ್ಯ ಸಂಸತ್ ಭವನದ ಮೆಟ್ಟಿಲ ಮೇಲೆ ನಿಂತು ಮಾತಾಡಿದವರಲ್ಲಿ ‘ನ್ಯಾಷನಲ್ ಸೋಷಿಯಲಿಸ್ಟ್ ನೆಟ್‌ವರ್ಕ್’ ಎಂಬ ನವನಾಜಿ ಗುಂಪಿನ ಮುಖಂಡನೂ ಇದ್ದ. ಮೆಲ್ಬರ್ನ್‌ನಲ್ಲಿ ಮಕ್ಕಳಿರುವ ಎಷ್ಟೋ ಕನ್ನಡದ ಅಪ್ಪ-ಅಮ್ಮಂದಿರು ಆ ಸುದ್ದಿ ನೋಡಿ ಫೋನ್ ಮಾಡಿರುತ್ತಾರೆ. ಅವರ ಮನಸ್ಸಿನಲ್ಲಿದ್ದ ಪ್ರಶ್ನೆಯೇ ಈ ಲೇಖನದ ಪ್ರಶ್ನೆ. ಹಿಟ್ಲರ್ ಸತ್ತು 80 ವರ್ಷವಾಯಿತಲ್ಲ, ಇವರು ಎಲ್ಲಿಂದ ಬಂದರು?

ಹಳೆಯ ನಾಜಿವಾದ ಎಂದರೆ ಏನು?

‘ನಾಜಿ’ ಎನ್ನುವುದು ಒಂದು ಪಕ್ಷದ ಹೆಸರಿನ ಮೊಟಕು ರೂಪ. ರಾಷ್ಟ್ರೀಯ ಸಮಾಜವಾದಿ ಜರ್ಮನ್ ಕಾರ್ಮಿಕರ ಪಕ್ಷ ಎಂಬುದು ಅದರ ಪೂರ್ಣ ಹೆಸರು. 1919ರಲ್ಲಿ ಮ್ಯೂನಿಕ್ ನಗರದಲ್ಲಿ ಹುಟ್ಟಿದ ಸಣ್ಣ ಪಕ್ಷವೊಂದು 1920ರಲ್ಲಿ ಈ ಹೆಸರು ಪಡೆಯಿತು. ಹೆಸರಿನಲ್ಲಿ ‘ಸಮಾಜವಾದಿ’, ‘ಕಾರ್ಮಿಕ’ ಎಂದಿದ್ದರೂ ಅಧಿಕಾರ ಸಿಕ್ಕ ಕೂಡಲೇ ಅದು ಮಾಡಿದ್ದು ಬೇರೆ. 1933ರ ಮಾರ್ಚ್‌ನಲ್ಲಿ ದಾಖಾವ್ ಎಂಬ ಬಂದಿಶಿಬಿರ ತೆರೆದಾಗ ಅಲ್ಲಿಗೆ ಮೊದಲು ತಳ್ಳಿಸಿಕೊಂಡವರು ಕಮ್ಯುನಿಸ್ಟರು ಮತ್ತು ಸಮಾಜವಾದಿಗಳು. ಮೇ ತಿಂಗಳಲ್ಲಿ ಕಾರ್ಮಿಕ ಸಂಘಗಳಿಗೆ ಬೀಗ ಬಿತ್ತು.

ಈ ಪಕ್ಷಕ್ಕೆ 1928ರ ಚುನಾವಣೆಯಲ್ಲಿ ಸಿಕ್ಕಿದ್ದು ಶೇ 2.6ರಷ್ಟು ಮತ. ಮರುವರ್ಷ ಜಾಗತಿಕ ಆರ್ಥಿಕ ಕುಸಿತ ಶುರುವಾಯಿತು. ಜರ್ಮನಿಯಲ್ಲಿ ಕೆಲಸ ಕಳೆದುಕೊಂಡವರ ಸಂಖ್ಯೆ ಏರುತ್ತ ಏರುತ್ತ 60 ಲಕ್ಷ ಮುಟ್ಟಿತು. 1932ರ ಜುಲೈಗೆ ನಾಜಿಗಳ ಮತ ಶೇ 37 ದಾಟಿತ್ತು. 1933ರ ಜನವರಿ 30ರಂದು ಹಿಟ್ಲರ್ ಚಾನ್ಸಲರ್ ಆದ. ಎರಡೇ ತಿಂಗಳಲ್ಲಿ, ಸಂಸತ್ತಿನ ಒಪ್ಪಿಗೆಯಿಲ್ಲದೆ ಕಾನೂನು ಮಾಡುವ ಅಧಿಕಾರವನ್ನು ಸಂಸತ್ತಿನ ಕೈಯಿಂದಲೇ ಬರೆಸಿಕೊಂಡ.

ಇಲ್ಲಿಯವರೆಗಿನದು ಯಾವ ಸರ್ವಾಧಿಕಾರಿಯ ಕಥೆಯೂ ಆಗಬಹುದಿತ್ತು. ನಾಜಿವಾದವನ್ನು ಬೇರೆ ಮಾಡುವುದು ಅದರ ಒಳಗಿನ ನಂಬಿಕೆ. ಮನುಷ್ಯರ ನಡುವೆ ಎಲ್ಲವನ್ನೂ ನಿರ್ಧರಿಸುವುದು ರಕ್ತ, ಚರಿತ್ರೆ ಎಂದರೆ ಜನಾಂಗಗಳ ನಡುವಿನ ಯುದ್ಧ, ಈ ಯುದ್ಧದಲ್ಲಿ ಜರ್ಮನ್ನರನ್ನು ಒಳಗಿನಿಂದ ಕೆಡಿಸುತ್ತಿರುವ ಗುಪ್ತಶತ್ರು ಯಹೂದಿ. ಇದು ಆ ನಂಬಿಕೆಯ ಸಾರ. ಅದು ಎಷ್ಟು ಗಟ್ಟಿಯಾಗಿತ್ತೆಂದರೆ, 1935ರ ನ್ಯೂರೆಂಬರ್ಗ್ ಕಾನೂನುಗಳು ಯಾರು ಯಹೂದಿ ಎಂಬುದನ್ನು ಅವರ ಪೂಜೆ-ಪ್ರಾರ್ಥನೆ ನೋಡಿ ತೀರ್ಮಾನಿಸಲಿಲ್ಲ, ಅಜ್ಜ-ಅಜ್ಜಿಯರನ್ನು ಎಣಿಸಿ ತೀರ್ಮಾನಿಸಿದವು. ನಾಲ್ವರಲ್ಲಿ ಮೂವರು ಯಹೂದಿಗಳಾಗಿದ್ದರೆ, ನೀವು ಚರ್ಚಿನಲ್ಲಿ ದೀಕ್ಷೆ ಪಡೆದ ಕ್ರೈಸ್ತರಾಗಿದ್ದರೂ ಯಹೂದಿಯೇ. ಧರ್ಮ ಬದಲಿಸಬಹುದು, ಅಜ್ಜಿಯನ್ನು ಬದಲಿಸಲಾಗದು. ತಪ್ಪಿಸಿಕೊಳ್ಳಲು ದಾರಿಯೇ ಇಲ್ಲದ ಈ ಎಣಿಕೆ ಹತ್ತೇ ವರ್ಷದೊಳಗೆ 60 ಲಕ್ಷ ಯಹೂದಿಗಳ ಕೊಲೆಯವರೆಗೆ ಹೋಯಿತು. ಅವರ ಜೊತೆಗೆ ಅಂಗವಿಕಲರು, ರೋಮಾ ಅಲೆಮಾರಿಗಳು, ಪೋಲಿಷ್ ಜನರು, ಸುಮಾರು 30 ಲಕ್ಷ ಸೋವಿಯತ್ ಯುದ್ಧಕೈದಿಗಳು ಸತ್ತರು.

1945ರಲ್ಲಿ ಮುಗಿದದ್ದು, ಮುಗಿಯದೆ ಉಳಿದದ್ದು

1945ರ ಮೇ ತಿಂಗಳಲ್ಲಿ ಜರ್ಮನಿ ಶರಣಾಯಿತು. ಅದೇ ಅಕ್ಟೋಬರ್‌ನಲ್ಲಿ ಗೆದ್ದ ರಾಷ್ಟ್ರಗಳು ನಾಜಿ ಪಕ್ಷವನ್ನೂ ಅದರ ಅಂಗಸಂಸ್ಥೆಗಳನ್ನೂ ಕಾನೂನಿನ ಮೂಲಕ ವಿಸರ್ಜಿಸಿದವು. ನಾಜಿ ಮುಖಂಡರ ವಿಚಾರಣೆ ನಡೆಸಿದ ನ್ಯೂರೆಂಬರ್ಗ್ ನ್ಯಾಯಮಂಡಳಿ, ಬಂದಿಶಿಬಿರಗಳನ್ನು ನಡೆಸುತ್ತಿದ್ದ ಹಿಟ್ಲರನ ಎಸ್‌ಎಸ್ ಪಡೆಯನ್ನು ಅಪರಾಧಿ ಸಂಘಟನೆ ಎಂದು ಸಾರಿತು. ಅಂದರೆ ಪಕ್ಷದ ಕಥೆ ಅಲ್ಲಿಗೆ ಮುಗಿಯಿತು. ಇಂದಿನ ಯಾವ ಗುಂಪೂ ಆ ಪಕ್ಷದ ನೇರ ಮುಂದುವರಿಕೆ ಅಲ್ಲ. ನವನಾಜಿಗಳು ಮನೆತನದ ವಾರಸುದಾರರಲ್ಲ, ತಾವಾಗಿಯೇ ಆ ಮನೆತನದ ಹೆಸರಿಟ್ಟುಕೊಂಡವರು.

ಆದರೆ 80 ಲಕ್ಷಕ್ಕೂ ಹೆಚ್ಚಿದ್ದ ಪಕ್ಷದ ಸದಸ್ಯರು ಎಲ್ಲಿ ಹೋದಾರು? ಬಹುಪಾಲು ಜನ ಬಾಯಿ ಮುಚ್ಚಿಕೊಂಡು ಕಚೇರಿ, ಶಾಲೆ, ಹೊಲಗಳಿಗೆ ಮರಳಿದರು. ಮುಚ್ಚಿಕೊಳ್ಳದವರೂ ಇದ್ದರು. 1949ರಲ್ಲಿ ಹಳೆಯ ನಾಜಿಗಳೇ ಕಟ್ಟಿದ ಸಮಾಜವಾದಿ ರೈಕ್ ಪಕ್ಷಕ್ಕೆ 1951ರಲ್ಲಿ ಲೋವರ್ ಸ್ಯಾಕ್ಸನಿ ರಾಜ್ಯದ ಚುನಾವಣೆಯಲ್ಲಿ ಶೇ 11ರಷ್ಟು ಮತ ಬಿತ್ತು. ಯುದ್ಧ ಮುಗಿದು ಆರೇ ವರ್ಷ! ಮರುವರ್ಷ ಜರ್ಮನಿಯ ಸಂವಿಧಾನ ನ್ಯಾಯಾಲಯ ಆ ಪಕ್ಷವನ್ನು ನಿಷೇಧಿಸಿತು. ಇವರು ಹಳೆಯ ನಾಜಿಗಳೇ, ಕೆಲಸ ಕಳೆದುಕೊಂಡ ನಾಜಿಗಳು. ನಿಜವಾದ ಅರ್ಥದಲ್ಲಿ ‘ನವ’ ಎನ್ನಬಹುದಾದವರು ಬಂದದ್ದು ಆಮೇಲೆ, ಅದೂ ಜರ್ಮನಿಯ ಹೊರಗಿನಿಂದ.

ಈ ಸಂಬಂಧವನ್ನು ಅರ್ಥಮಾಡಿಕೊಳ್ಳಲು ನನಗೆ ಅಡುಗೆಮನೆಯ ಹೆಪ್ಪಿಗಿಂತ ಒಳ್ಳೆಯ ಹೋಲಿಕೆ ಸಿಕ್ಕಿಲ್ಲ. ಹಳೆಯ ಗಡಿಗೆ ಒಡೆದುಹೋಗಿದೆ, ಆದರೆ ಅದರಿಂದ ಒಂದು ಚಮಚ ಮೊಸರು ಯಾರೋ ಎತ್ತಿಟ್ಟಿದ್ದಾರೆ. ಹಾಲು ಆಯಾ ಊರಿನದು, ಪಾತ್ರೆ ಆಯಾ ಕಾಲದ್ದು. ಹಾಕಿದ ಹೆಪ್ಪು ಮಾತ್ರ ಅದೇ.

ಜರ್ಮನ್ ರಕ್ತದಿಂದ ಬಿಳಿ ಚರ್ಮಕ್ಕೆ

1959ರಲ್ಲಿ ಅಮೆರಿಕದ ವರ್ಜೀನಿಯಾ ರಾಜ್ಯದ ಆರ್ಲಿಂಗ್ಟನ್‌ನಲ್ಲಿ ಜಾರ್ಜ್ ಲಿಂಕನ್ ರಾಕ್‌ವೆಲ್ ಎಂಬಾತ ನಾಜಿ ಪಕ್ಷವೊಂದನ್ನು ಕಟ್ಟಿದ. ಇವನು ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ನೌಕಾಪಡೆಯ ಪೈಲಟ್ ಆಗಿದ್ದವನು, ಅಂದರೆ ಹಿಟ್ಲರನ ಎದುರು ಪಾಳಯದವನು. ಅಮೆರಿಕದಲ್ಲಿ ನಿಂತು ‘ಜರ್ಮನ್ ರಕ್ತ ಶ್ರೇಷ್ಠ’ ಎಂದರೆ ಕೇಳುವವರು ಯಾರು? ಹಾಗಾಗಿ ರಾಕ್‌ವೆಲ್ ಗೆರೆಯನ್ನು ಅಗಲಿಸಿದ. ಇಟಲಿ, ಗ್ರೀಸ್, ಪೋಲೆಂಡ್ ಮೂಲದವರನ್ನೂ ‘ಬಿಳಿಯರು’ ಎಂಬ ಒಂದೇ ಚಪ್ಪರದಡಿ ಕೂರಿಸಿದ. 1967ರ ಆರಂಭದಲ್ಲಿ ತನ್ನ ಪಕ್ಷದ ಹೆಸರಿನಲ್ಲೇ ‘ಬಿಳಿ ಜನರ’ ಎಂದು ಸೇರಿಸಿದ. ಅದೇ ವರ್ಷ ಅವನದೇ ಪಕ್ಷದ ಮಾಜಿ ಸದಸ್ಯನೊಬ್ಬ ಅವನನ್ನು ಗುಂಡಿಕ್ಕಿ ಕೊಂದ. ಆದರೆ ಆ ಬದಲಾವಣೆ ಉಳಿಯಿತು. ಹಳೆಯದಕ್ಕೂ ಹೊಸದಕ್ಕೂ ಇರುವ ಅತಿ ದೊಡ್ಡ ವ್ಯತ್ಯಾಸ ಇದೇ ಎಂದು ನನ್ನ ಓದು ಹೇಳುತ್ತದೆ. ಹಿಟ್ಲರನದು ಒಂದು ದೇಶದ ಸಾಮ್ರಾಜ್ಯದ ಯೋಜನೆ. ನವನಾಜಿಗಳದ್ದು ಗಡಿಗಳನ್ನು ದಾಟಿದ ‘ಬಿಳಿ ಜನಾಂಗ’ದ ಕಲ್ಪನೆ.

ಈ ಬದಲಾವಣೆಯಿಲ್ಲದೆ ಒಂದು ವಿಚಿತ್ರ ನಮಗೆ ಅರ್ಥವೇ ಆಗುವುದಿಲ್ಲ. ಪೋಲೆಂಡಿನಲ್ಲೂ ರಷ್ಯಾದಲ್ಲೂ ನವನಾಜಿಗಳಿದ್ದಾರೆ. ಹಿಟ್ಲರನ ಲೆಕ್ಕದಲ್ಲಿ ಪೋಲಿಷರೂ ರಷ್ಯನ್ನರೂ ಸ್ಲಾವ್ ಜನ, ಕೀಳು ಮನುಷ್ಯರು. ಅವರ ನೆಲವನ್ನು ಕಿತ್ತು ಜರ್ಮನ್ ರೈತರಿಗೆ ಹಂಚಿ, ಅವರನ್ನು ಹಸಿವಿನಿಂದ ಸಾಯಿಸುವ ಅಥವಾ ಓಡಿಸುವ ಯೋಜನೆ ಕಾಗದದ ಮೇಲೆ ಸಿದ್ಧವಾಗಿತ್ತು. ಪೋಲೆಂಡ್ ಕಳೆದುಕೊಂಡ ಸುಮಾರು 60 ಲಕ್ಷ ಪ್ರಜೆಗಳಲ್ಲಿ ಅರ್ಧದಷ್ಟು ಯಹೂದಿಗಳು, ಉಳಿದವರು ಯಹೂದಿಗಳಲ್ಲದವರು. ಸೋವಿಯತ್ ಒಕ್ಕೂಟದಲ್ಲಿ ಸತ್ತವರು ಸುಮಾರು 2 ಕೋಟಿ 70 ಲಕ್ಷ. ಅಂಥ ನೆಲದ ಹುಡುಗನೊಬ್ಬ ತನ್ನ ಮುತ್ತಜ್ಜನನ್ನು ಕೊಂದವರ ಚಿಹ್ನೆಯನ್ನು ತೋಳಿನ ಮೇಲೆ ಹಚ್ಚೆ ಹಾಕಿಸಿಕೊಳ್ಳಬೇಕಾದರೆ, ಮೊದಲು ಆ ಚಿಹ್ನೆಯ ಅರ್ಥ ‘ಜರ್ಮನ್’ ಎಂಬುದರಿಂದ ‘ಬಿಳಿ’ ಎಂಬುದಕ್ಕೆ ಬದಲಾಗಿರಬೇಕು. ನೆನಪೂ ಅಳಿಸಿರಬೇಕು.

ಅಲ್ಲಗಳೆಯುವುದು ಅವರಿಗೇಕೆ ಬೇಕು?

ನೆನಪು ಅಳಿಸುವ ಕೆಲಸಕ್ಕೆ ಒಂದು ಹೆಸರಿದೆ: ಹಾಲೊಕಾಸ್ಟ್ ನಿರಾಕರಣೆ. ಯಹೂದಿಗಳ ಸಾಮೂಹಿಕ ಕೊಲೆ ನಡೆದೇ ಇಲ್ಲ, ಇಲ್ಲವೇ ಸಂಖ್ಯೆಯನ್ನು ಉಬ್ಬಿಸಲಾಗಿದೆ ಎಂಬ ವಾದ ಇದು. ಹಳೆಯ ನಾಜಿಗಳಿಗೆ ಈ ವಾದ ಬೇಕಿರಲಿಲ್ಲ, ಅವರಿಗೆ ಗುಟ್ಟು ಸಾಕಾಗಿತ್ತು. 1943ರ ಅಕ್ಟೋಬರ್‌ನಲ್ಲಿ ಎಸ್‌ಎಸ್ ಮುಖ್ಯಸ್ಥ ಹಿಮ್ಲರ್ ತನ್ನ ಅಧಿಕಾರಿಗಳ ಮುಂದೆ ಈ ಕೊಲೆಗಳನ್ನು ಎಂದೂ ಬರೆಯಬಾರದ ಕೀರ್ತಿಯ ಪುಟ ಎಂದು ಕರೆದಿದ್ದ. ಯುದ್ಧ ನಡೆಯುತ್ತಿರುವಾಗಲೇ, ಹೂತ ಹೆಣಗಳನ್ನು ಅಗೆದು ಸುಡುವ ಕೆಲಸಕ್ಕೆಂದೇ ವಿಶೇಷ ತುಕಡಿಗಳು ನೇಮಕವಾಗಿದ್ದವು. ಅಂದರೆ ಸಾಕ್ಷ್ಯ ಅಳಿಸುವ ಕೆಲಸ ಶುರುವಾದದ್ದೇ ಕೊಂದವರಿಂದ.

ನವನಾಜಿಗೆ ತೊಡಕು ಬೇರೆ ಥರದ್ದು. ಅವನು ಹೊಸಬರನ್ನು ಸೆಳೆಯಬೇಕು. ಸೆಳೆಯಲು ಹೋದಾಗಲೆಲ್ಲ ಯಹೂದಿಗಳನ್ನು ಸಾಮೂಹಿಕವಾಗಿ ಕೊಂದ ಆಶ್‌ವಿಟ್ಸ್ ಶಿಬಿರ ಅಡ್ಡ ನಿಲ್ಲುತ್ತದೆ. ಹಾಗಾಗಿ ಹೊರಗಿನವರ ಮುಂದೆ ‘ಅದೆಲ್ಲ ಸುಳ್ಳು’ ಎನ್ನುತ್ತಾನೆ, ತಮ್ಮವರ ನಡುವೆ ‘ಇನ್ನೊಮ್ಮೆ ಆಗಬೇಕು’ ಎನ್ನುತ್ತಾನೆ. ನಡೆದೇ ಇಲ್ಲದ್ದು ಇನ್ನೊಮ್ಮೆ ಹೇಗೆ ಆದೀತು ಎಂದು ಅವನನ್ನು ಕೇಳಿ ಪ್ರಯೋಜನವಿಲ್ಲ. ನಿರಾಕರಣೆ ಅವನಿಗೆ ಚರಿತ್ರೆಯ ತೀರ್ಮಾನವಲ್ಲ, ಬಾಗಿಲು ತೆರೆಯುವ ಕೀಲಿಕೈ. ಈ ವಾದವನ್ನು ನ್ಯಾಯಾಲಯದಲ್ಲಿ ಒರೆಗೆ ಹಚ್ಚಿದ್ದೂ ಆಗಿದೆ. ತನ್ನನ್ನು ನಿರಾಕರಣಕಾರ ಎಂದು ಕರೆದರೆಂದು ಇತಿಹಾಸಕಾರ್ತಿ ಡೆಬೊರಾ ಲಿಪ್‌ಸ್ಟಾಟ್ ಅವರ ಮೇಲೆ ಬ್ರಿಟಿಷ್ ಲೇಖಕ ಡೇವಿಡ್ ಇರ್ವಿಂಗ್ ಲಂಡನ್ನಿನಲ್ಲಿ ಮಾನನಷ್ಟದ ದಾವೆ ಹೂಡಿದ್ದ. ಅವನು ಸಾಕ್ಷ್ಯಗಳನ್ನು ಬೇಕೆಂದೇ ತಿರುಚಿದ್ದಾನೆ, ನಿರಾಕರಣಕಾರನೇ ಹೌದು ಎಂದು 2000ದ ಏಪ್ರಿಲ್‌ನಲ್ಲಿ ತೀರ್ಪು ಬಂತು.

ಹಾಲು ಎಲ್ಲಿಂದ ಬರುತ್ತದೆ?

ಹೆಪ್ಪು ಒಂದೇ ಆದರೂ ಹಾಲಿಲ್ಲದೆ ಮೊಸರಾಗದು. ಹಾಲು ಎಂದರೆ ಆಯಾ ದೇಶದ ಆಗಿನ ಸಂಕಟ, ಸಿಟ್ಟು.

ಪೂರ್ವ ಜರ್ಮನಿಯನ್ನು ನೋಡಿ. ಕಮ್ಯುನಿಸ್ಟ್ ಸರ್ಕಾರ ತನ್ನನ್ನು ಫ್ಯಾಸಿಸ್ಟ್ ವಿರೋಧಿ ಎಂದೇ ಕರೆದುಕೊಳ್ಳುತ್ತಿತ್ತು. ಬರ್ಲಿನ್ ಗೋಡೆಗೂ ‘ಫ್ಯಾಸಿಸ್ಟ್ ವಿರೋಧಿ ರಕ್ಷಣಾ ಗೋಡೆ’ ಎಂದೇ ಹೆಸರಿಟ್ಟಿತ್ತು. ನಾಜಿಗಳು ಗೋಡೆಯ ಆಚೆಗಿದ್ದಾರೆ ಎಂದ ಮೇಲೆ ತಮ್ಮ ಮನೆಯೊಳಗೆ ಹುಡುಕುವ ಪ್ರಶ್ನೆಯೇ ಬರಲಿಲ್ಲ. 1990ರಲ್ಲಿ ಎರಡೂ ಜರ್ಮನಿ ಒಂದಾದಾಗ ಪೂರ್ವದ ಕಾರ್ಖಾನೆಗಳು ಸಾಲುಸಾಲಾಗಿ ಮುಚ್ಚಿದವು. 1992ರ ಆಗಸ್ಟ್‌ನಲ್ಲಿ ರೊಸ್ಟಾಕ್ ನಗರದಲ್ಲಿ ವಿಯೆಟ್ನಾಂ ಕಾರ್ಮಿಕರು ವಾಸವಿದ್ದ ಕಟ್ಟಡಕ್ಕೆ ಗುಂಪೊಂದು ಬೆಂಕಿ ಹಚ್ಚಿತು. ಅಕ್ಕಪಕ್ಕದ ಜನ ನಿಂತು ಚಪ್ಪಾಳೆ ತಟ್ಟಿದರು. ಒಳಗಿದ್ದ ನೂರಕ್ಕೂ ಹೆಚ್ಚು ಜನ ಮಾಳಿಗೆಯ ಮೇಲಿನಿಂದ ದಾಟಿ ಪ್ರಾಣ ಉಳಿಸಿಕೊಂಡರು. ಇದು ಪೂರ್ವದ ಕಾಯಿಲೆ ಮಾತ್ರ ಎನ್ನುವಂತಿಲ್ಲ. ಮರುವರ್ಷ ಪಶ್ಚಿಮದ ಸೋಲಿಂಗನ್‌ನಲ್ಲಿ ಟರ್ಕಿ ಮೂಲದ ಕುಟುಂಬವೊಂದರ ಮನೆಗೆ ಬೆಂಕಿಯಿಟ್ಟಾಗ ಐವರು ಹೆಣ್ಣುಮಕ್ಕಳು ಸತ್ತರು.

ಗ್ರೀಸ್‌ನ ಉದಾಹರಣೆ ಇನ್ನೂ ಕಣ್ಣಿಗೆ ರಾಚುವಂಥದ್ದು. ನಾಜಿಗಳು 1941ರಲ್ಲಿ ಅಲ್ಲಿಗೆ ನುಗ್ಗಿದಾಗ ಅಥೆನ್ಸ್ ನಗರದ ಜನ ಹಸಿವಿನಿಂದ ಬೀದಿಯಲ್ಲಿ ಸತ್ತಿದ್ದರು. ಅದೇ ದೇಶದಲ್ಲಿ ‘ಗೋಲ್ಡನ್ ಡಾನ್’ ಎಂಬ ನವನಾಜಿ ಪಕ್ಷಕ್ಕೆ 2009ರಲ್ಲಿ ಶೇ 0.29ರಷ್ಟು ಮತ ಸಿಕ್ಕಿತ್ತು. ಸಾಲದ ಬಿಕ್ಕಟ್ಟಿನಲ್ಲಿ ಪಿಂಚಣಿ, ಸಂಬಳಗಳು ಕತ್ತರಿಸಿಹೋದ ಮೇಲೆ, 2012ರಲ್ಲಿ, ಶೇ 7ರ ಹತ್ತಿರ ಬಂತು. ಪಕ್ಷ ‘ಗ್ರೀಕರಿಗೆ ಮಾತ್ರ’ ಎಂದು ಉಚಿತ ದಿನಸಿ ಹಂಚುತ್ತಿತ್ತು, ಅದರ ಕಾರ್ಯಕರ್ತರು ವಲಸಿಗರನ್ನು ಬೀದಿಯಲ್ಲಿ ಬಡಿಯುತ್ತಿದ್ದರು. 2013ರಲ್ಲಿ ಅವರಲ್ಲೊಬ್ಬ ಪಾವ್ಲೊಸ್ ಫಿಸಾಸ್ ಎಂಬ ಗಾಯಕನನ್ನು ಕೊಂದ. 2020ರ ಅಕ್ಟೋಬರ್‌ನಲ್ಲಿ ನ್ಯಾಯಾಲಯ ಈ ಪಕ್ಷವನ್ನೇ ಅಪರಾಧಿ ಸಂಘಟನೆ ಎಂದು ತೀರ್ಮಾನಿಸಿ, ಅದನ್ನು ನಡೆಸಿದ ನಾಯಕರನ್ನು ತಪ್ಪಿತಸ್ಥರೆಂದು ಸಾರಿತು.

ಇಲ್ಲೆಲ್ಲ ಪೆಟ್ಟು ತಿಂದವರು ವಲಸಿಗರು, ಮುಸ್ಲಿಮರು, ಕಪ್ಪುಜನ. ಹಾಗಿದ್ದರೆ ಯಹೂದಿಗಳ ಮೇಲಿನ ಹಳೆಯ ದ್ವೇಷ ಹಿಂದಕ್ಕೆ ಸರಿಯಿತೇ? ಇಲ್ಲ. ವಲಸಿಗರು ಬಿಳಿಯರ ಜಾಗವನ್ನು ಆಕ್ರಮಿಸುತ್ತಿದ್ದಾರೆ, ಇದು ತಾನಾಗಿ ಆಗುತ್ತಿಲ್ಲ, ಯಾರೋ ಮಾಡಿಸುತ್ತಿದ್ದಾರೆ ಎಂಬ ಕಥೆ ಈಗ ಚಾಲ್ತಿಯಲ್ಲಿದೆ. ಅದಕ್ಕೆ ‘ಮಹಾ ಪಲ್ಲಟ’ ಎಂದು ಹೆಸರು. ಆ ‘ಯಾರೋ’ ಎಂಬ ಖಾಲಿ ಜಾಗದಲ್ಲಿ ನವನಾಜಿ ಯಹೂದಿಯ ಹೆಸರು ತುಂಬುತ್ತಾನೆ. 2017ರಲ್ಲಿ ಅಮೆರಿಕದ ಶಾರ್ಲಟ್ಸ್‌ವಿಲ್‌ನಲ್ಲಿ ಪಂಜು ಹಿಡಿದು ನಡೆದವರು ‘ಯಹೂದಿಗಳು ನಮ್ಮ ಜಾಗ ಕಸಿಯಲಾರರು’ ಎಂದು ಕೂಗಿದ್ದು ಇದೇ ಅರ್ಥದಲ್ಲಿ. 2018ರಲ್ಲಿ ಪಿಟ್ಸ್‌ಬರ್ಗ್‌ನ ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ) ಒಂದರಲ್ಲಿ 11 ಜನರನ್ನು ಕೊಂದವನ ಸಿಟ್ಟು ನಿರಾಶ್ರಿತರಿಗೆ ನೆರವಾಗುವ ಯಹೂದಿ ಸಂಸ್ಥೆಯೊಂದರ ಮೇಲಿತ್ತು. ಎದುರಿಗೆ ಕಾಣುವ ಶತ್ರು ಬದಲಾಗಿದ್ದಾನೆ, ತೆರೆಯ ಹಿಂದಿನ ಶತ್ರು 1920ರಲ್ಲಿ ಇದ್ದವನೇ.

ಪಕ್ಷವಿಲ್ಲದ ನಾಜಿಗಳು

ಹಿಟ್ಲರನ ಬಳಿ ಪೊಲೀಸ್, ಸೈನ್ಯ, ರೈಲ್ವೆ, ಶಾಲೆ, ರೇಡಿಯೊ ಎಲ್ಲ ಇದ್ದವು. ನವನಾಜಿಗಳ ಬಳಿ ಇವು ಯಾವುವೂ ಇಲ್ಲ. ದೊಡ್ಡ ಸಂಘಟನೆ ಕಟ್ಟಿದರೆ ಪೊಲೀಸರು ಒಳನುಸುಳುತ್ತಾರೆ, ಕಾನೂನು ನಿಷೇಧಿಸುತ್ತದೆ. ಆದ್ದರಿಂದ ಅವರಲ್ಲಿ ಒಂದು ಬಣ 1980ರ ದಶಕದ ನಂತರ ನಾಯಕನೇ ಇಲ್ಲದ ದಾರಿ ಹಿಡಿಯಿತು: ಮೂರ್ನಾಲ್ಕು ಜನರ ಗುಂಪು, ಇಲ್ಲವೇ ಒಬ್ಬಂಟಿ. ಯಾರೂ ಆದೇಶ ಕೊಡುವುದಿಲ್ಲ, ವಿಚಾರವೇ ಆದೇಶ. ಸರ್ವೋಚ್ಚ ನಾಯಕನಿಗೆ ಕಣ್ಣುಮುಚ್ಚಿ ವಿಧೇಯರಾಗುವುದೇ ಹಳೆಯ ನಾಜಿವಾದದ ಬೆನ್ನೆಲುಬಾಗಿತ್ತು. ಆ ಲೆಕ್ಕದಲ್ಲಿ ಇದು ಪೂರ್ತಿ ತಿರುವು.

ಸಂಘಟನೆ ಇಲ್ಲದಿದ್ದಾಗ ಒಬ್ಬರನ್ನೊಬ್ಬರು ಗುರುತಿಸುವುದು ಸಂಕೇತಗಳಿಂದ. 88 ಎಂಬ ಸಂಖ್ಯೆ ಅವುಗಳಲ್ಲಿ ಒಂದು. ಇಂಗ್ಲಿಷ್ ಅಕ್ಷರಮಾಲೆಯ ಎಂಟನೆಯ ಅಕ್ಷರ ‘ಎಚ್’, ಎರಡು ಎಚ್ ಎಂದರೆ ‘ಹೈಲ್ ಹಿಟ್ಲರ್’, ಅಂದರೆ ಹಿಟ್ಲರನಿಗೆ ಜಯವಾಗಲಿ. 18 ಎಂದರೆ ಹಿಟ್ಲರನ ಹೆಸರಿನ ಮೊದಲಕ್ಷರಗಳು. ಎಸ್‌ಎಸ್ ಪಡೆಯ ವೆವೆಲ್ಸ್‌ಬುರ್ಗ್ ಕೋಟೆಯ ನೆಲದ ಮೇಲಿದ್ದ ಚಕ್ರದಂಥ ಚಿತ್ರ ‘ಕಪ್ಪು ಸೂರ್ಯ’ ಎಂಬ ಹೆಸರಿನಲ್ಲಿ ಟೀ ಶರ್ಟುಗಳ ಮೇಲೆ ಬರುತ್ತದೆ. ಸಂಗೀತವೂ ಒಂದು ದಾರಿ. ತಲೆ ಬೋಳಿಸಿದ ‘ಸ್ಕಿನ್‌ಹೆಡ್’ ಹುಡುಗರು 1960ರ ದಶಕದ ಲಂಡನ್ನಿನಲ್ಲಿ ಮೊದಲು ಕಾಣಿಸಿಕೊಂಡಾಗ ಅವರು ಕುಣಿಯುತ್ತಿದ್ದದ್ದು ಜಮೈಕಾದ ಕಪ್ಪುಜನರ ಹಾಡುಗಳಿಗೆ. ಮುಂದೆ ಜನಾಂಗವಾದಿ ಸಂಘಟನೆಗಳು ಆ ಹುಡುಗರ ನಡುವೆ ಹೊಕ್ಕು, ಆ ವೇಷವನ್ನೇ ತಮ್ಮದಾಗಿಸಿಕೊಂಡವು. ಈಗ ಆ ಕೆಲಸವನ್ನು ಮೊಬೈಲಿನ ಗುಂಪುಗಳು ಮಾಡುತ್ತಿವೆ.

ಆರ್ಯ, ಸ್ವಸ್ತಿಕ ಮತ್ತು ನಾವು

ನಮ್ಮ ಕಡೆಯವರಲ್ಲಿ ಕೆಲವರಿಗೆ ಒಂದು ಭ್ರಮೆಯಿದೆ: ಆರ್ಯ ಎಂಬ ಪದ ನಮ್ಮದು, ಸ್ವಸ್ತಿಕ ನಮ್ಮದು, ಆದ್ದರಿಂದ ನಾಜಿಗಳಿಗೆ ನಮ್ಮ ಮೇಲೆ ಗೌರವವಿತ್ತು ಎಂದು. ಇದನ್ನು ಬಿಡಿಸಿ ನೋಡಬೇಕು.

ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳ ನಡುವೆ ನಂಟಿದೆ ಎಂದು 18ನೆಯ ಶತಮಾನದ ಕೊನೆಯಲ್ಲಿ ವಿದ್ವಾಂಸರು ಗುರುತಿಸಿದರು. ಆ ಭಾಷಾ ಕುಟುಂಬಕ್ಕೆ ‘ಆರ್ಯ’ ಎಂಬ ಹೆಸರೂ ಬಳಕೆಗೆ ಬಂತು. ಭಾಷೆಯ ಹೆಸರನ್ನು ರಕ್ತದ ಹೆಸರಾಗಿ ತಿರುಗಿಸಿದವರು ಆಮೇಲಿನವರು. ಅದು ತಪ್ಪು ಎಂದು ಮ್ಯಾಕ್ಸ್ ಮುಲ್ಲರ್ 1888ರಲ್ಲೇ ಖಡಾಖಂಡಿತವಾಗಿ ಬರೆದಿದ್ದರು. ಇನ್ನು ಗೌರವದ ಮಾತು. ಹಿಟ್ಲರ್ ತನ್ನ ಪುಸ್ತಕದಲ್ಲೇ ಭಾರತ ಬೇರೆಯವರ ಕೈಗಿಂತ ಬ್ರಿಟಿಷರ ಕೈಯಲ್ಲಿರುವುದೇ ಮೇಲು ಎಂದು ಬರೆದಿದ್ದಾನೆ. ಅವನ ಜನಾಂಗವಾದದ ಮಾತುಗಳನ್ನು ಖಂಡಿಸಿ ಸುಭಾಷ್ ಚಂದ್ರ ಬೋಸರು 1936ರಲ್ಲೇ ಪತ್ರ ಬರೆದಿದ್ದರು.

ಎಲ್ಲಕ್ಕಿಂತ ಮನಸ್ಸು ಕಲಕುವುದು ರೋಮಾ ಜನರ ವಿಷಯ. ಇವರು ಸಾವಿರ ವರ್ಷದ ಹಿಂದೆ ಉತ್ತರ ಭಾರತದ ಕಡೆಯಿಂದ ಹೊರಟು ಯುರೋಪು ಸೇರಿದ ಅಲೆಮಾರಿಗಳು. ಅವರ ಎಣಿಕೆ ಯೇಕ್, ದುಯ್, ತ್ರಿನ್ ಎಂದೇ ಶುರುವಾಗುತ್ತದೆ. ಯುರೋಪಿನಲ್ಲಿ ಭಾರತದ ಆರ್ಯಭಾಷೆಯೊಂದನ್ನು ಮನೆಮಾತಾಗಿ ಆಡುತ್ತಿದ್ದವರು ಅವರೇ. ನಾಜಿಗಳು ಅವರಲ್ಲಿ ಕನಿಷ್ಠ 2 ಲಕ್ಷ, ಕೆಲವು ಅಂದಾಜಿನಂತೆ 5 ಲಕ್ಷ ಜನರನ್ನು ಕೊಂದರು.

ಆದರೂ ನವನಾಜಿವಾದಕ್ಕೆ ಭಾರತದ ಜೊತೆ ನಿಜವಾದ ಒಂದು ಎಳೆ ಇದೆ. ಫ್ರಾನ್ಸ್‌ನ ಲಿಯಾನ್‌ನಲ್ಲಿ 1905ರಲ್ಲಿ ಹುಟ್ಟಿದ ಮ್ಯಾಕ್ಸಿಮಿಯಾನಿ ಪೋರ್ಟಾಸ್ ಎಂಬಾಕೆ 1930ರ ದಶಕದಲ್ಲಿ ಭಾರತಕ್ಕೆ ಬಂದು, ಕಲ್ಕತ್ತದಲ್ಲಿ ನೆಲೆಸಿ, ಸಾವಿತ್ರಿ ದೇವಿ ಎಂದು ಹೆಸರಿಟ್ಟುಕೊಂಡಳು. ಹಿಟ್ಲರ್ ಒಬ್ಬ ಅವತಾರಪುರುಷ ಎಂದು ಯುದ್ಧದ ನಂತರ ಬರೆದಳು. 1962ರಲ್ಲಿ ಇಂಗ್ಲೆಂಡಿನಲ್ಲಿ ರಾಕ್‌ವೆಲ್ ಮತ್ತಿತರರು ಸೇರಿ ಜಾಗತಿಕ ನವನಾಜಿ ಒಕ್ಕೂಟ ಕಟ್ಟಿದಾಗ ಆಕೆಯೂ ಅಲ್ಲಿದ್ದಳು. ಯುಗ, ಅವತಾರ ಎಂಬ ನಮ್ಮ ಪದಗಳು ಇಂದಿಗೂ ಕೆಲವು ನವನಾಜಿ ಬರಹಗಳಲ್ಲಿ ಸಿಗುವುದು ಆಕೆಯಿಂದಾಗಿ. ಪದಗಳನ್ನು ತೆಗೆದುಕೊಂಡರು, ಆ ಪದಗಳನ್ನಾಡುವ ಜನರನ್ನಲ್ಲ. 2012ರ ಆಗಸ್ಟ್ 5ರಂದು ಅಮೆರಿಕದ ಓಕ್ ಕ್ರೀಕ್‌ನ ಗುರುದ್ವಾರಕ್ಕೆ ನುಗ್ಗಿ ಆರು ಜನ ಸಿಖ್ಖರನ್ನು ಕೊಂದವನು ನವನಾಜಿ ಸಂಗೀತ ತಂಡಗಳಲ್ಲಿ ವಾದ್ಯ ನುಡಿಸುತ್ತಿದ್ದವನು. ಗುಂಡೇಟು ತಿಂದ ಇನ್ನೊಬ್ಬರು ಎಂಟು ವರ್ಷ ನರಳಿ 2020ರಲ್ಲಿ ತೀರಿಕೊಂಡರು.

ಸ್ವಸ್ತಿಕದ ವಿಷಯದಲ್ಲಿ ಹೊರದೇಶದ ಕನ್ನಡಿಗರಿಗೆ ತಿಳಿದಿರಬೇಕಾದ್ದು ಇಷ್ಟು. ನಾಜಿಗಳು ಅದನ್ನು ಸ್ವಸ್ತಿಕ ಎನ್ನಲಿಲ್ಲ, ‘ಹಾಕನ್‌ಕ್ರಾಯ್ಟ್ಸ್’ ಅಂದರೆ ಕೊಕ್ಕೆಶಿಲುಬೆ ಎಂದರು. ಕೆಂಪು ಬಾವುಟ, ನಡುವೆ ಬಿಳಿ ವೃತ್ತ, ಅದರೊಳಗೆ ಓರೆಯಾಗಿ ನಿಂತ ಕಪ್ಪು ಚಿಹ್ನೆ ಅವರದು. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 2022ರಲ್ಲಿ ಆ ಚಿಹ್ನೆಯನ್ನು ಬಹಿರಂಗವಾಗಿ ತೋರಿಸುವುದನ್ನು ನಿಷೇಧಿಸಿದಾಗ ಹಿಂದೂ, ಬೌದ್ಧ, ಜೈನರ ಸ್ವಸ್ತಿಕಕ್ಕೆ ಕಾನೂನಿನಲ್ಲೇ ವಿನಾಯಿತಿ ಕೊಟ್ಟಿತು. ಗೃಹಪ್ರವೇಶದ ದಿನ ಹೊಸಿಲ ಮುಂದೆ ಸ್ವಸ್ತಿಕದ ರಂಗೋಲಿ ಹಾಕುವುದು ಅಲ್ಲಿ ಅಪರಾಧವಲ್ಲ. ಪಕ್ಕದ ಮನೆಯಲ್ಲಿ ಶಿಬಿರದಿಂದ ಬದುಕಿ ಬಂದವರ ಮಕ್ಕಳೋ ಮೊಮ್ಮಕ್ಕಳೋ ಇದ್ದರೆ, ಅದೇನೆಂದು ಅವರಿಗೆ ಮೊದಲೇ ಹೇಳಿಡುವುದು ಒಳ್ಳೆಯದು.

ಸಿಕ್ಕಿದವರನ್ನೆಲ್ಲ ನಾಜಿ ಎನ್ನಬಹುದೇ?

ಬೇಡ. ವಲಸೆ ಕಡಿಮೆಯಾಗಲಿ ಎನ್ನುವವರೆಲ್ಲ ನವನಾಜಿಗಳಲ್ಲ, ಕಟ್ಟಾ ರಾಷ್ಟ್ರವಾದಿಗಳೆಲ್ಲ ನವನಾಜಿಗಳಲ್ಲ. ಜನಾಂಗದ ಮೇಲುಕೀಳು, ಯಹೂದಿ ಪಿತೂರಿಯ ನಂಬಿಕೆ, ಹಿಟ್ಲರನ ಆಳ್ವಿಕೆಯನ್ನು ಮಾದರಿಯಾಗಿ ಕಾಣುವುದು, ಈ ಮೂರೂ ಒಟ್ಟಿಗಿದ್ದಾಗ ಆ ಪದ ಸರಿಹೊಂದುತ್ತದೆ. ಪದವನ್ನು ಆಯುಧ ಮಾಡಿಕೊಳ್ಳುವುದೂ ಉಂಟು. 2022ರ ಫೆಬ್ರುವರಿಯಲ್ಲಿ ರಷ್ಯಾ ಉಕ್ರೇನಿನ ಮೇಲೆ ದಾಳಿ ಮಾಡಿದಾಗ ಅಲ್ಲಿನ ‘ನಾಜಿಗಳನ್ನು ತೊಲಗಿಸುವುದು’ ಗುರಿ ಎಂದು ಪುಟಿನ್ ಹೇಳಿದರು. ಉಕ್ರೇನಿನಲ್ಲಿ ನವನಾಜಿ ಹಿನ್ನೆಲೆಯ ಹೋರಾಟಗಾರರು ಇದ್ದದ್ದು ನಿಜ. ಆದರೆ 2019ರ ಚುನಾವಣೆಯಲ್ಲಿ ತೀವ್ರ ಬಲಪಂಥೀಯರ ಜಂಟಿ ಪಟ್ಟಿಗೆ ಅಲ್ಲಿ ಬಿದ್ದದ್ದು ಶೇ 2.15ರಷ್ಟು ಮತ, ದೇಶದ ಅಧ್ಯಕ್ಷರು ಯಹೂದಿ.

ಜರ್ಮನಿಯ ನ್ಯಾಯಾಲಯ ಈ ಪದವನ್ನು ಎಷ್ಟು ಅಳೆದು ತೂಗಿ ಬಳಸುತ್ತದೆ ಎಂಬುದು ಗಮನಿಸಬೇಕಾದದ್ದು. ಎನ್‌ಪಿಡಿ ಎಂಬ ಪಕ್ಷ ಸಾರದಲ್ಲಿ ನಾಜಿವಾದಕ್ಕೆ ಹತ್ತಿರವಾದದ್ದು ಎಂದು 2017ರಲ್ಲಿ ಸಂವಿಧಾನ ನ್ಯಾಯಾಲಯ ಹೇಳಿತು. ಗುರಿ ಮುಟ್ಟುವ ಶಕ್ತಿ ಅದಕ್ಕೆ ಕಾಣುತ್ತಿಲ್ಲವೆಂದು ನಿಷೇಧಿಸಲಿಲ್ಲ. 2024ರಲ್ಲಿ ಅದಕ್ಕೆ ಆರು ವರ್ಷ ಸರ್ಕಾರಿ ಹಣ ಸಿಗದಂತೆ ತಡೆದಿತು.

ಕಣ್ಣೆದುರಿದ್ದರೂ ಕಾಣದೆ ಹೋದದ್ದು

ಹೆಸರಿಡುವಾಗ ಎಚ್ಚರ ಬೇಕು, ಸರಿ. ಹೆಸರಿಡಲು ಹಿಂಜರಿದರೆ ಏನಾಗುತ್ತದೆ ಎಂಬುದಕ್ಕೂ ಜರ್ಮನಿಯಲ್ಲೇ ಉದಾಹರಣೆ ಇದೆ. 2000ದ ಸೆಪ್ಟೆಂಬರ್‌ನಲ್ಲಿ ನ್ಯೂರೆಂಬರ್ಗ್‌ನಲ್ಲಿ ಟರ್ಕಿ ಮೂಲದ ಹೂವಿನ ವ್ಯಾಪಾರಿಯೊಬ್ಬರು ಗುಂಡೇಟಿಗೆ ಬಲಿಯಾದರು. ಹಿಟ್ಲರನ ದೊಡ್ಡ ಸಮಾವೇಶಗಳು ನಡೆಯುತ್ತಿದ್ದ, ಆಮೇಲೆ ಅವನ ಬಂಟರ ವಿಚಾರಣೆಯೂ ನಡೆದ ಅದೇ ನ್ಯೂರೆಂಬರ್ಗ್. ಆರು ವರ್ಷಗಳಲ್ಲಿ ಬೇರೆಬೇರೆ ಊರುಗಳಲ್ಲಿ ಒಂದೇ ಪಿಸ್ತೂಲಿನಿಂದ ಒಂಬತ್ತು ಜನರ ಕೊಲೆಯಾಯಿತು, ಎಂಟು ಜನ ಟರ್ಕಿ ಮೂಲದವರು, ಒಬ್ಬರು ಗ್ರೀಕ್. ಪೊಲೀಸರು ಶಂಕಿಸಿದ್ದು ಸತ್ತವರ ಮನೆಯವರನ್ನೇ: ಮಾದಕವಸ್ತುವಿನ ವ್ಯವಹಾರವಿತ್ತೇ, ಜೂಜಿನ ಸಾಲವಿತ್ತೇ, ಇನ್ನೊಂದು ಸಂಬಂಧವಿತ್ತೇ? ಗಂಡನನ್ನು ಕಳೆದುಕೊಂಡವಳ ಮುಂದೆ ಈ ಪ್ರಶ್ನೆಗಳು ವರ್ಷಗಟ್ಟಲೆ ನಿಂತವು. ಪತ್ರಿಕೆಗಳು ಇವನ್ನು ಒಂದು ತಿಂಡಿಯ ಹೆಸರಿನಿಂದ ‘ಡೋನರ್ ಕೊಲೆಗಳು’ ಎಂದು ಕರೆದವು.

ಕೊಂದವರು ‘ನ್ಯಾಷನಲ್ ಸೋಷಿಯಲಿಸ್ಟ್ ಅಂಡರ್‌ಗ್ರೌಂಡ್’ ಎಂಬ ಮೂವರ ನವನಾಜಿ ಗುಂಪು ಎಂದು ಗೊತ್ತಾದದ್ದು 2011ರ ನವೆಂಬರ್‌ನಲ್ಲಿ. ಮೂವರಲ್ಲಿ ಇಬ್ಬರು ಆಗ ಸತ್ತಿದ್ದರು. ಉಳಿದವಳಿಗೆ 2018ರಲ್ಲಿ ಜೀವಾವಧಿ ಶಿಕ್ಷೆಯಾಯಿತು. 2012ರ ಫೆಬ್ರುವರಿಯಲ್ಲಿ ಚಾನ್ಸಲರ್ ಮರ್ಕೆಲ್ ಆ ಕುಟುಂಬಗಳ ಕ್ಷಮೆ ಕೇಳಿದರು.

ಆದರೆ ಕುಟುಂಬಗಳು ಇದನ್ನು ಬಹಳ ಮೊದಲೇ ಹೇಳಿದ್ದವು. 2006ರ ಮೇ ತಿಂಗಳಲ್ಲಿ, ಒಂಬತ್ತನೆಯ ಕೊಲೆಯಾದ ಕಾಸೆಲ್ ನಗರದಲ್ಲಿ, ಸತ್ತವರ ಮನೆಯವರು ಸಾವಿರಾರು ಜನರ ಜೊತೆ ಬೀದಿಯಲ್ಲಿ ನಡೆದರು. ಅವರು ಹಿಡಿದ ಫಲಕದ ಮೇಲೆ ‘ಹತ್ತನೆಯ ಬಲಿ ಬೇಡ’ ಎಂದಿತ್ತು. 2007ರ ಏಪ್ರಿಲ್‌ನಲ್ಲಿ ಹೈಲ್‌ಬ್ರಾನ್ ಊರಿನಲ್ಲಿ, ಊಟದ ವಿರಾಮಕ್ಕೆಂದು ಕಾರು ನಿಲ್ಲಿಸಿಕೊಂಡಿದ್ದ 22 ವರ್ಷದ ಪೊಲೀಸ್ ಹೆಣ್ಣುಮಗಳು ಹತ್ತನೆಯವಳಾದಳು.